ಓದಿನ ಮಾತು, ಊಟದ ಮಾತು

ಪುಸ್ತಕಪ್ರಿಯರಾದ ಇಬ್ಬರು ಎಲ್ಲಿಯಾದರೂ ಸಂಧಿಸಿದರೆ ಅವರಲ್ಲಿ ನಡೆಯುವ ಮೊದಲನೆಯ ಪ್ರಶ್ನೆ, ‘ಈಚೆಗೆ ಏನು ಓದಿದಿರಿ?’ ಎಂಬುದು. ಎರಡನೆಯದು, ಅವರು ಎಷ್ಟೇ ದೊಡ್ಡ ವಿದ್ವಾಂಸರಾಗಿರಲಿ, ‘ಊಟವಾಯಿತೆ? ಇಂದು ಮನೆಯಲ್ಲಿ ಏನು ಅಡಿಗೆ?’ ಎಂಬುದು. ಈ ಎರಡನೆಯ ಪ್ರಶ್ನೆಗೆ ಮೂಗು ಮುರಿಯುವವರೂ ಉಂಟು. ಕಾವ್ಯವಿಚಾರದ ನಡುವೆ ಹುಳಿಸಾರುಗಳ ವಿಚಾರ ಬರುವುದು ರಸಭಂಗವೆಂದು ಅವರ ಮತ. ನನಗೆ ಹಾಗೆ ತೋರುವುದಿಲ್ಲ. ಓದು ಮತ್ತು ಊಟ ಇವೆರಡೂ ಒಂದೇ ಮನೆಯಲ್ಲಿ ವಾಸಿಸತಕ್ಕವು. ಒಂದನ್ನು ನಡುಮನೆಯಲ್ಲಿ ಕುಳ್ಳಿರಿಸಿ ಮತ್ತೊಂದನ್ನು ಹಿತ್ತಿಲಿಗೆ ಅಟ್ಟುವುದು ನ್ಯಾಯವಲ್ಲ. ಆದರೆ ಈ ಎರಡರ ಸ್ನೇಹದಲ್ಲಿ ಲೆಕ್ಕಕ್ಕೆ ಬಾರದೆ ಉಳಿಯುವವರು ಒಬ್ಬರಿದ್ದಾರೆ. ಅವರ ವಿಚಾರವನ್ನು ವಾಚಕರ ಮುಂದಿಡುವುದೇ ಈ ತಿಂಗಳ ಉದ್ದೇಶ.

ನಮ್ಮ ಬೀದಿಯಲ್ಲಿ ತಿಂಗಳಿಗೊಮ್ಮೆ, ಕಡೆಯ ಭಾನುವಾರದ ಸಂಜೆ, ಹತ್ತು ಹನ್ನೆರಡು ಮಂದಿ ವಕೀಲರೊಬ್ಬರ ಮನೆಯಲ್ಲಿ ಸೇರುವ ರೂಢಿಯುಂಟು. ಇದಕ್ಕೆ ಸಂಘವೆಂಬ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಆ ತಿಂಗಳಲ್ಲಿ ಓದಿದ್ದನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂಬುದೊಂದೇ ನಿಯಮ. ಮಾತು ಮುಗಿದ ಮೇಲೆ ಉಪಾಹಾರ. ಉಪಾಹಾರ ಬಂದೊಡನೆ ಮಾತು ತಾನಾಗಿಯೇ ಅಡಿಗೆಯ ಕಡೆಗೆ ತಿರುಗುವುದು.

ಅಂಚೆಯ ಇಲಾಖೆಯಿಂದ ನಿವೃತ್ತರಾದ ಮಿತ್ರರೊಬ್ಬರಿಗೆ ಸಕ್ಕರೆಯ ಕಾಯಿಲೆ. ಅನ್ನವನ್ನು ತಗ್ಗಿಸಿರೆಂದು ವೈದ್ಯರು ವಿಧಿಸಿದ್ದರಿಂದ ರಾತ್ರಿಯ ಹೊತ್ತು ಅವರಿಗೆ ರಾಗಿಯ ಮುದ್ದೆ. ಹುಟ್ಟಿದಂದಿನಿಂದ ಅನ್ನವನ್ನೇ ಉಂಡವರು. ಮುದ್ದೆಯನ್ನು ನುಂಗುವ ಹದ ಬಾರದೆ, ‘ಮೇಷ್ಟ್ರೇ, ಈ ವಯಸ್ಸಿನಲ್ಲಿ ನನಗೆ ಇದೆಂತಹ ಶಿಕ್ಷೆ!’ ಎಂದು ನನ್ನೆದುರು ಹಲುಬಿದರು. ‘ಕನಕದಾಸರ ರಾಮಧಾನ್ಯಚರಿತೆಯನ್ನು ಓದಿರಿ, ಮುದ್ದೆ ತಾನಾಗಿ ಇಳಿಯುತ್ತದೆ’ ಎಂದೆ. ಅವರು ಅದನ್ನು ಆಜ್ಞೆಯೆಂದೇ ತಿಳಿದು ಓದಿದರು. ಮುಂದಿನ ತಿಂಗಳು ಕಥೆಯನ್ನು ನಮಗೆಲ್ಲ ಅವರೇ ಹೇಳಿದರು: ವ್ರೀಹಿಗೂ ನರೆದಲೆಗನೆಂಬ ರಾಗಿಗೂ ಹಿರಿಮೆಯ ವಿಷಯದಲ್ಲಿ ಜಗಳ ಹುಟ್ಟಿದುದು, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದುದು, ಅವಧಿ ಮುಗಿದಾಗ ಅಕ್ಕಿ ಕೆಟ್ಟು ರಾಗಿ ಕೆಡದೆ ಉಳಿದುದು, ರಾಘವನು ತನ್ನ ಹೆಸರನ್ನೇ ಅದಕ್ಕೆ ದಯಪಾಲಿಸಿದುದು. ವಿಶ್ವಸಂಸ್ಥೆಯವರು 2023ನೆಯ ವರ್ಷವನ್ನು ಕಿರುಧಾನ್ಯಗಳ ವರ್ಷವೆಂದು ಸಾರಿದರು. ನಮ್ಮ ದಾಸರು 16ನೆಯ ಶತಮಾನದಲ್ಲಿಯೇ ಆ ತೀರ್ಪನ್ನು ಕೊಡಿಸಿದ್ದರೆಂದು ಮಿತ್ರರು ನಕ್ಕರು. ಈಗ ಅವರು ಮುದ್ದೆಯನ್ನು ಗೌರವದಿಂದ ನುಂಗುತ್ತಾರೆ. ಬಡವನ ಧಾನ್ಯವೆಂದು ಹೀಗಳೆದವರಿಗೆ ಕಾವ್ಯವೊಂದು ಬುದ್ಧಿ ಹೇಳಿದರೆ ಅದನ್ನು ರಸಭಂಗವೆನ್ನುವವರು ಯಾರು?

ಊಟದ ವಿಚಾರವನ್ನು ಕೀಳೆಂದು ನಮ್ಮ ಪೂರ್ವಿಕರು ಎಣಿಸಲಿಲ್ಲ. ತೈತ್ತಿರೀಯೋಪನಿಷತ್ತಿನಲ್ಲಿ ವರುಣನ ಮಗನಾದ ಭೃಗುವು ತಪಸ್ಸುಮಾಡಿ ಮೊದಲು ಕಂಡುಕೊಂಡದ್ದು ಅನ್ನವೇ ಬ್ರಹ್ಮವೆಂದು. ಅಲ್ಲಿಂದ ಪ್ರಾಣ, ಮನಸ್ಸು, ವಿಜ್ಞಾನ ಎಂಬ ಮೆಟ್ಟಿಲುಗಳನ್ನೇರಿ ಆನಂದವನ್ನು ಮುಟ್ಟಿದನು. ಮೊದಲ ಮೆಟ್ಟಿಲನ್ನು ತೆಗೆದರೆ ಮೇಲಿನವಕ್ಕೆ ಏರುವುದು ಹೇಗೆ? ಕನ್ನಡದಲ್ಲಿ ವಡ್ಡಾರಾಧನೆಯಷ್ಟು ಹಿಂದಿನ ಕಥಾಗ್ರಂಥದಲ್ಲಿಯೇ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ಕ್ಕೆ ಈಗ ಸಾವಿರ ವರ್ಷಗಳು ತುಂಬಿವೆ. ಬಾವಿಗೆ ನೀರಿನ ಸೆಲೆಯನ್ನು ಹುಡುಕುವುದು, ಗಿಡಮರಗಳ ಆರೈಕೆ, ಪಶುವೈದ್ಯ ಮೊದಲಾದ ಗೃಹಸ್ಥೋಪಯೋಗಿ ವಿಷಯಗಳೊಡನೆ ಅಡಿಗೆಗೂ ಅಲ್ಲಿ ಸ್ಥಾನವುಂಟು. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಇಂಗು ಜೀರಿಗೆ ಮೆಣಸು ಮುಂತಾದವನ್ನೂ ಕೂಡಿಸಿ ಮಾಡುವ ಇಡ್ಡಲಿಯನ್ನು ಆತನು ಹೇಳಿದ್ದಾನೆ. ಅಕ್ಕಿಯ ತರಿಯ ಮಾತೇ ಅದರಲ್ಲಿಲ್ಲ. ಸುಮಾರು ನೂರು ವರ್ಷಗಳ ತರುವಾಯ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ಬರೆದಾಗ, ರಾಜನೀತಿ, ಸಂಗೀತ, ಚಿತ್ರಕಲೆಗಳ ಜೊತೆಯಲ್ಲಿ ಅನ್ನಭೋಗವನ್ನೂ ವಿಸ್ತಾರವಾಗಿ ವರ್ಣಿಸಿದನು. 16ನೆಯ ಶತಮಾನದ ಆದಿಭಾಗದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ಬರೆದು, ಬದನೆ ಬಾಳೆ ಹಲಸುಗಳನ್ನು ಕಾವ್ಯದ ಪಂಕ್ತಿಯಲ್ಲಿ ಕುಳ್ಳಿರಿಸಿದನು.

ಇಷ್ಟನ್ನು ನಾನು ಒಂದು ಸಂಜೆ ವಿಸ್ತರಿಸಿ ಹೇಳಿದಾಗ, ನಮ್ಮ ಕೂಟಕ್ಕೆ ಬರುವ, ಕಾಲೇಜಿನಲ್ಲಿ ಪಾಠ ಹೇಳುವ ತರುಣಿಯೊಬ್ಬಳು ಒಂದು ಮಾತನ್ನು ಕೇಳಿದಳು. ‘ತಾತಯ್ಯ, ಇವರೆಲ್ಲ ಗಂಡಸರೇ ಅಲ್ಲವೆ? ಒಬ್ಬ ವಿದ್ವಾಂಸ, ಒಬ್ಬ ಚಕ್ರವರ್ತಿ, ಒಬ್ಬ ಪ್ರಭು. ದಿನವೂ ಒಲೆಯ ಮುಂದೆ ನಿಂತವರು ಬರೆದದ್ದು ಯಾವುದು?’

ಪ್ರಶ್ನೆ ಸಣ್ಣದಲ್ಲ. ಪುರಾಣೇತಿಹಾಸಗಳಲ್ಲಿ ಪಾಕಪ್ರವೀಣರೆಂದು ಕೀರ್ತಿ ಪಡೆದವರು ನಳ ಮತ್ತು ಭೀಮ. ಬಾಹುಕನಾಗಿ ಮರೆಸಿಕೊಂಡಿದ್ದ ನಳನನ್ನು ದಮಯಂತಿಯು ಗುರುತಿಸಲು ನೆರವಾದ ಕುರುಹುಗಳಲ್ಲಿ ಅವನ ಅಡಿಗೆಯ ರುಚಿಯೂ ಒಂದು. ಭೀಮನಾದರೋ ವಿರಾಟನ ಮನೆಯಲ್ಲಿ ಬಾಣಸಿಗನಾಗಿದ್ದದ್ದು ಒಂದು ವರ್ಷ. ಒಂದು ವರ್ಷ ಸೌಟು ಹಿಡಿದವನ ಹೆಸರು ‘ಭೀಮಪಾಕ’ವೆಂದು ಇಂದಿಗೂ ನಿಂತಿದೆ. ಐವತ್ತು ವರ್ಷ ಹಿಡಿದವಳ ಹೆಸರು ಮನೆಯ ಸಾರಿಗೂ ಬರುವುದಿಲ್ಲ.

ಆ ತರುಣಿ ಅಂದು ತಂದಿದ್ದದ್ದು ಬಾನು ಮುಷ್ತಾಕ್ ಅವರ ಕಥೆಗಳನ್ನು. ದೀಪಾ ಭಸ್ತಿಯವರು ಮಾಡಿದ ಅವುಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ, ಕನ್ನಡದ ಮೂಲವನ್ನು ಅನೇಕರು ಹುಡುಕಿಕೊಂಡು ಓದಿದರು. ಮನೆವಾರ್ತೆಯ ಭಾರವನ್ನು ಹೊತ್ತ ಮುಸಲ್ಮಾನ ಹೆಂಗಸರ ಬಾಳು ಆ ಕಥೆಗಳ ವಸ್ತು. ಮತ ಬೇರೆಯಾದರೂ ಒಲೆಯ ಬೇಗೆ ಎಲ್ಲ ಮನೆಗಳಲ್ಲಿಯೂ ಒಂದೇ ಎಂದು ಅವಳು ಹೇಳಿದ್ದು ಎಲ್ಲರ ಮನಸ್ಸಿಗೂ ತಾಕಿತು.

ಆಮೇಲೆ ವಕೀಲರ ಸರದಿ. ಅವರು ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು (1943) ಮತ್ತೊಮ್ಮೆ ಓದಿದ್ದರು. ಕಾಡನ್ನು ಕಡಿದು ತೋಟ ಮಾಡಿದ ಗೋಪಾಲಯ್ಯನ ಸಾಹಸವು ಪುರುಷಪ್ರಯತ್ನದ ವಿಜಯವೆಂದು ವಕೀಲರು. ಕಾಡಿನ ದೃಷ್ಟಿಯಿಂದ ಅದು ಅತಿಕ್ರಮವೆಂದು ಮತ್ತೊಬ್ಬರು. ವಾದವು ಬಿಸಿಯೇರಿ ಅರ್ಧ ಗಂಟೆ ನಡೆಯಿತು. ಅಷ್ಟರಲ್ಲಿ ಕಾಫಿಯ ತಟ್ಟೆಯನ್ನು ಹಿಡಿದು ಬಂದ ವಕೀಲರ ಪತ್ನಿ ಬಾಗಿಲಲ್ಲಿಯೇ ನಿಂತು, ‘ಶಂಕರಮ್ಮನ ವಿಷಯ ಯಾರೂ ಹೇಳಲೇ ಇಲ್ಲವಲ್ಲ’ ಎಂದರು.

‘ಹೇಳಿ ತಾಯಿ’ ಎಂದರು ಅಂಚೆಯ ಮಿತ್ರರು.

‘ಹೇಳುವುದೇನು? ದಾರಿತಪ್ಪಿ ಬಂದ ಅತಿಥಿಗೆ ಆಕೆ ಅಷ್ಟು ಆದರದಿಂದ ಬಡಿಸುತ್ತಾಳೆ. ಓದಿದವರು ಅದನ್ನು ಅತಿಥಿಸತ್ಕಾರ ಎನ್ನುತ್ತಾರೆ. ಮನೆ ಬಿಟ್ಟುಹೋದ ಮಗ ಎಲ್ಲಿ ಉಂಡನೋ, ಯಾರು ಬಡಿಸಿದರೋ ತಿಳಿಯದು. ಎಲೆಯ ಮುಂದೆ ಯಾರಾದರೂ ಕುಳಿತಿದ್ದರೆ ಸಾಕು, ಅವರು ಇನ್ನಷ್ಟು ಬಡಿಸಿಕೊಂಡರೆ ಆ ಹೊತ್ತಿಗೆ ಜೀವಕ್ಕೆ ಸಮಾಧಾನ. ದಿನವೂ ಬಡಿಸುವವರಿಗೆ ಇದು ತಿಳಿಯುತ್ತದೆ.’

ಆಕೆಯ ಮಗ ಹೊರದೇಶದಲ್ಲಿ ಉದ್ಯೋಗದಲ್ಲಿದ್ದಾನೆ. ಬಂದು ಮೂರು ವರ್ಷಗಳಾದುವು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಪುಸ್ತಕವನ್ನು ಯಾವಾಗ ಓದಿದಿರೆಂದು ತರುಣಿ ಕೇಳಿದಳು. ‘ಬೇಳೆ ಬೇಯುವಷ್ಟು ಹೊತ್ತು, ಹಾಲು ಕಾಯುವಷ್ಟು ಹೊತ್ತು. ಹೀಗೆಯೇ ಒಂದು ತಿಂಗಳು’ ಎಂದು ಉತ್ತರ ಬಂತು. ‘ಹಾಗಾದರೆ ಬಂದು ಕುಳಿತುಕೊಳ್ಳಬಾರದೆ?’ ಎಂದದ್ದಕ್ಕೆ, ‘ಹನ್ನೆರಡು ಜನಕ್ಕೆ ಉಪ್ಪಿಟ್ಟು ಕೆದಕುವವರು ಯಾರು?’ ಎಂದು ನಕ್ಕು ಒಳಗೆ ಹೋದರು.

ಆ ನಗೆಯಲ್ಲಿ ದೂರು ಇರಲಿಲ್ಲ. ಆದರೂ ಅದರಲ್ಲಿ ಒಂದು ಲೆಕ್ಕವಿತ್ತು. ಅರ್ಧ ಗಂಟೆಯ ವಾದಕ್ಕೆ ಸಿಕ್ಕದ ತಿರುಳನ್ನು ಬಾಗಿಲಲ್ಲಿ ನಿಂತವರು ನಾಲ್ಕು ಮಾತಿನಲ್ಲಿ ಹೇಳಿದರು. ಅಂತಹವರನ್ನು ಒಳಗಿರಿಸಿ ಹೊರಗೆ ಸಾಹಿತ್ಯವಿಚಾರ ನಡೆಸಿದರೆ, ಆಗುವ ನಷ್ಟ ಆಕೆಗಿಂತ ಸಾಹಿತ್ಯಕ್ಕೇ ಹೆಚ್ಚು. ಅಂದೇ ಗೊತ್ತಾಯಿತು: ಇನ್ನು ಮೇಲೆ ಕೂಟದ ದಿನ ಮೊಸರವಲಕ್ಕಿಯೊಂದೇ, ಕಲಸುವವರು ಸರದಿಯಂತೆ, ಮೊದಲ ಸರದಿ ವಕೀಲರದು. ಉಪ್ಪು ಹೆಚ್ಚಾಯಿತೆಂಬುದು ನಿಜ. ಆದರೆ ಆ ಸಂಜೆ ಅವರ ಪತ್ನಿ ಆದ್ಯಂತ ನಡುಮನೆಯಲ್ಲಿ ಕುಳಿತಿದ್ದರು.

ಮನೆಗೆಲಸದ ಮಧ್ಯದಲ್ಲಿ ಕೇಳಿ ಕಲಿತವರಿಂದ ಕನ್ನಡಕ್ಕೆ ಏನು ಲಭಿಸಿದೆಯೆಂಬುದನ್ನು ಚರಿತ್ರೆಯೇ ಹೇಳುತ್ತದೆ. ಚಿಕದೇವರಾಜ ಒಡೆಯರ (ಆಳ್ವಿಕೆ 1673–1704) ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮನು ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದಳು, ಸತಿಧರ್ಮವನ್ನು ಬೋಧಿಸುವ ಆ ಗ್ರಂಥದಲ್ಲಿಯೇ ಹೆಣ್ಣನ್ನು ಜರೆಯುವವರನ್ನೂ ಪ್ರಶ್ನಿಸಿದಳು. ನಂಜನಗೂಡಿನ ತಿರುಮಲಾಂಬಾ ಅವರು ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾಗಿ, ಮನೆಯೊಳಗೇ ಓದು ಕಲಿತು, 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ ಹೆಂಗಸರ ಕೈಗೆ ಪುಸ್ತಕಗಳನ್ನಿತ್ತರು. ಅದೇ ಕಾಲದಲ್ಲಿ ಉತ್ತರಕರ್ಣಾಟಕದಲ್ಲಿ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಮನೆಯ ಬಾಗಿಲಿಗೆ ಕೊಂಡೊಯ್ದು ಮಾರಿದರು. ಪುಸ್ತಕವು ಹೊಸ್ತಿಲವರೆಗೆ ಬಂದದ್ದು ಇಂತಹವರ ಶ್ರಮದಿಂದ. ಹೊಸ್ತಿಲಿನಿಂದ ಅಡಿಗೆಯ ಮನೆಗೆ ಇರುವುದು ಹತ್ತು ಹೆಜ್ಜೆ. ಅಷ್ಟನ್ನು ಮನೆಯವರೇ ನಡೆಯಬೇಕು.

ಹಿಂದೆ ನಮ್ಮ ಮನೆಗಳಲ್ಲಿ ಶ್ರಾವಣದ ಸಂಜೆ ಒಬ್ಬರು ಜೈಮಿನಿ ಭಾರತವನ್ನು ರಾಗವಾಗಿ ಓದಿ ಅರ್ಥ ಹೇಳುತ್ತಿದ್ದರು. ಹೆಂಗಸರು ಬತ್ತಿ ಹೊಸೆಯುತ್ತ ಅಕ್ಕಿ ಆರಿಸುತ್ತ ಕೇಳುತ್ತಿದ್ದರು. ಕೈಗೆ ಕೆಲಸ ತಪ್ಪಲಿಲ್ಲ, ಕಿವಿಗೆ ಕಾವ್ಯವೂ ತಪ್ಪಲಿಲ್ಲ. ಈಗ ರುಬ್ಬುವುದಕ್ಕೆ ಯಂತ್ರ ಬಂದಿದೆ, ಒಲೆ ಊದುವ ಕಷ್ಟ ಅನೇಕ ಮನೆಗಳಲ್ಲಿ ತಪ್ಪಿದೆ. ಆದರೆ ಗಟ್ಟಿಯಾಗಿ ಓದಿ ಹೇಳುವ ರೂಢಿ ಬಿಟ್ಟುಹೋಗಿ, ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಅಂಗೈಯಗಲದ ದೂರವಾಣಿಯನ್ನು ನೋಡುತ್ತ ಕುಳಿತಿರುತ್ತಾರೆ. ತರಕಾರಿ ಹೆಚ್ಚುವವರ ಬಳಿ ಕುಳಿತು ಹತ್ತು ಪುಟ ಓದಿ ಹೇಳುವುದು ಯಾರಿಗೂ ಅಸಾಧ್ಯವಲ್ಲ. ಓದಲು ಬಾರದಷ್ಟು ದಣಿದಿದ್ದರೆ ತರಕಾರಿಯನ್ನು ತಾವು ಹೆಚ್ಚಿ, ಅವರ ಕೈಗೆ ಪುಸ್ತಕವನ್ನು ಕೊಡಬಹುದು.

ಆದುದರಿಂದ ಗೃಹಸ್ಥರಾದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ‘ಇಂದು ಏನು ಅಡಿಗೆ?’ ಎಂದು ದಿನವೂ ಕೇಳುತ್ತೀರಿ; ಅದು ತಪ್ಪಲ್ಲ. ಇಂದು ರಾತ್ರಿ ಊಟವಾದ ಮೇಲೆ, ‘ಈಚೆಗೆ ಏನು ಓದಿದೆ?’ ಎಂದೂ ಮನೆಯಾಕೆಯನ್ನು ಕೇಳಿ ನೋಡಿರಿ. ಕೇಳಿದ ಮೇಲೆ, ಉತ್ತರವನ್ನು ನಿಧಾನವಾಗಿ ಹೇಳುವಷ್ಟು ಬಿಡುವು ಆಕೆಗೆ ಸಿಕ್ಕುವಂತೆ, ಆ ಪಾತ್ರೆಗಳನ್ನು ಮಾತ್ರ ತಾವೇ ತೊಳೆಯಿರಿ.