ದಾರಿ ಎಂದರೆ ರಸ್ತೆ ಮಾತ್ರವೇ?

ಶಿರಾಲಿಯಲ್ಲಿ ನಿಂತು ‘ಇಲ್ಲಿ ದಾರಿ ಎಲ್ಲಿದೆ?’ ಎಂದು ಕೇಳಿದರೆ ಕೇಳಿದವನನ್ನೇ ಜನ ವಿಚಿತ್ರವಾಗಿ ನೋಡಿಯಾರು. ಊರಿನ ನಡುವೆ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗಿದೆ. ಅನತಿ ದೂರದಲ್ಲಿ 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆಯ ಹಳಿಗಳಿವೆ. ಆದರೂ ಈ ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಏಕೆಂದರೆ ಘಟ್ಟದಿಂದ ಇಳಿದು ಬರುವ ಮಳೆಯ ನೀರಿಗೆ ದಾರಿ ಎಲ್ಲಿದೆ? ಗದ್ದೆಗೆ ಹೋಗಬೇಕಾದ ರೈತನಿಗೆ, ಮೊದಲ ಮಳೆಗೆ ಹಳ್ಳ ಹತ್ತುವ ಮೀನಿಗೆ ದಾರಿ ಎಲ್ಲಿದೆ?

ನಮ್ಮ ಹಿರಿಯರು ಈ ವಿಷಯದಲ್ಲಿ ಒಂದೇ ಪದಕ್ಕೆ ತೃಪ್ತಿಪಟ್ಟವರಲ್ಲ. ಜನ ನಡೆದು ಸವೆದದ್ದು ಕಾಲುದಾರಿ, ಎತ್ತಿನ ಗಾಡಿ ಹೋಗುವಂಥದು ಬಂಡಿದಾರಿ. ಎರಡು ಧರೆಗಳ ನಡುವಿನದು ಓಣಿ, ಹಳ್ಳವನ್ನು ದಾಟಿಸುವುದು ಸಂಕ, ದೋಣಿಯಲ್ಲಿ ಹೊಳೆ ದಾಟುವ ಜಾಗ ಕಡವು. ಜನರಿಗೆ ಎಡೆಗೊಟ್ಟು ದನಗಳನ್ನು ತಡೆಯುವ ಬೇಲಿಯ ಬಾಯಿ ತಡಮೆ. ಕಾಡುಪ್ರಾಣಿ ನಡೆದದ್ದು ಜಾಡು, ನೀರು ನಡೆದದ್ದು ಕಾಲುವೆ, ಹೊಳೆ ಸಮುದ್ರವನ್ನು ಸೇರುವುದು ಅಳಿವೆಯಲ್ಲಿ. ಶಿರಾಲಿಯ ಅಳ್ವೆಕೋಡಿಯ ಹೆಸರಿನಲ್ಲಿ ಅಳಿವೆಯಿದೆ, ವೆಂಕಟಾಪುರ ಹೊಳೆಯ ಕಡವಿನಕಟ್ಟೆಯ ಹೆಸರಿನಲ್ಲಿ ಕಡವು ಇದೆ. ಒಂದೊಂದು ಪದವೂ ಒಂದೊಂದು ಬಗೆಯ ಜೀವಕ್ಕೆ ಮನ್ನಣೆ ಕೊಟ್ಟ ಪದ.

ಪದಗಳ ಮೂಲವನ್ನು ಕೆದಕಿದರೆ ಇನ್ನೂ ಸ್ವಾರಸ್ಯವಿದೆ. ‘ರಸ್ತೆ’ ಪಾರಸಿಯಿಂದ ಬಂದದ್ದು. ಸಂಸ್ಕೃತದ ‘ಮಾರ್ಗ’ಕ್ಕೆ ‘ಮೃಗ’ ಶಬ್ದದೊಡನೆ ನಂಟಿದೆ. ಮೊದಲಿಗೆ ಅದು ಕಾಡುಪ್ರಾಣಿಯ ಜಾಡು ಆಗಿದ್ದಿರಬೇಕೆಂದು ನಿಘಂಟುಕಾರರು ಊಹಿಸಿದ್ದಾರೆ. ‘ಘಟ್ಟ’ವೆಂದರೆ ಮೆಟ್ಟಿಲು, ಹತ್ತಿಳಿಯುವ ಕಣಿವೆದಾರಿ; ಆ ದಾರಿಗಳಿಂದಲೇ ಇಡೀ ಪರ್ವತಶ್ರೇಣಿಗೆ ಪಶ್ಚಿಮಘಟ್ಟವೆಂಬ ಹೆಸರು ಬಂತು. ಹಳಗನ್ನಡದಲ್ಲಿ ದಾರಿಗೆ ‘ಬಟ್ಟೆ’ ಎಂಬ ಪದವಿತ್ತು, ಹೆದ್ದಾರಿಗೆ ‘ಪೆರ್ಬಟ್ಟೆ’ ಎನ್ನುತ್ತಿದ್ದರು. ಇಂದು ಬಟ್ಟೆಯೆಂದರೆ ಉಡುವ ಅರಿವೆ ಮಾತ್ರ. ಭಾಷೆ ಬದಲಾಗುವುದು ಸಹಜ, ಅದಕ್ಕಾಗಿ ನಾನು ಮರುಗುವುದಿಲ್ಲ. ಆದರೆ ಪದದೊಡನೆ ಅದು ಸೂಚಿಸುತ್ತಿದ್ದ ವಸ್ತುವಿನ ಹಕ್ಕೂ ಅಳಿಸಿಹೋಗುವುದಾದರೆ ಸುಮ್ಮನಿರಲಾಗದು.

ಈಗ ಆಗುತ್ತಿರುವುದು ಅದೇ. ಯೋಜನಾ ವರದಿಗಳ ಭಾಷೆಯಲ್ಲಿ ದಾರಿಯೆಂದರೆ ವಾಹನ ಓಡುವ ರಸ್ತೆ ಮಾತ್ರ. ಅದಕ್ಕೆ ಎದುರಾಗುವ ಉಳಿದೆಲ್ಲ ದಾರಿಗಳೂ ‘ಅಡ್ಡಿ’ಗಳು. ಅಡ್ಡಿಯೆಂದು ಕರೆದ ಮೇಲೆ ನಿವಾರಿಸುವುದು ಸುಲಭ.

ಇದರ ಫಲವನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ಹೆದ್ದಾರಿಯ ಬದಿಯಲ್ಲಿದ್ದವರು ಮಣ್ಣಿನಡಿ ಸಿಲುಕಿದರು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ಅದಕ್ಕೂ ಮುನ್ನ, 2022ರ ಆಗಸ್ಟ್ ಆರಂಭದ ಮಹಾಮಳೆಯಲ್ಲಿ, ನಮ್ಮ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಡಿದರು. ಎರಡನ್ನೂ ಒಂದೇ ಕಾರಣಕ್ಕೆ ಕಟ್ಟುವುದು ವಿಜ್ಞಾನವಲ್ಲ. ಆದರೆ ಮಣ್ಣಿನ ನಿಯಮ ಎಲ್ಲೆಡೆಯೂ ಒಂದೇ. ನಮ್ಮ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಮೆತ್ತನೆಯ ಜೇಡಿ. ಮೇಲೆ ಇಂಗಿದ ನೀರು ಜೇಡಿಯ ನೆತ್ತಿಯಲ್ಲಿ ಅಡ್ಡಕ್ಕೆ ಹರಿದು ಒರತೆಯಾಗಿ ಹೊರಬರಬೇಕು. ಬುಡವನ್ನು ಗೋಡೆಯಂತೆ ನೇರವಾಗಿ ಕಡಿದರೆ ಗುಡ್ಡದ ಆಸರೆ ತಪ್ಪುತ್ತದೆ. ಒರತೆಯ ಬಾಯನ್ನು ಕಾಂಕ್ರೀಟಿನಿಂದ ಮುಚ್ಚಿದರೆ ಒಳಗಿನ ನೀರಿನ ಒತ್ತಡ ಏರುತ್ತದೆ. ನೀರು ತನ್ನ ದಾರಿಯನ್ನು ಮರೆಯುವುದಿಲ್ಲ. ನಾವು ಬಿಡದಿದ್ದರೆ ಗುಡ್ಡವನ್ನೇ ಹೊತ್ತುಕೊಂಡು ಬರುತ್ತದೆ.

ಮೂಕಜೀವಿಗಳ ಮಾತಿಗೆ ಬರೋಣ. ಮುಂಗಾರಿನ ಮೊದಲ ನೆರೆಗೆ ಹತ್ತುಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುವುದು ಮೊಟ್ಟೆಯಿಡಲು. ರಸ್ತೆಯಡಿಯ ಮೋರಿಯ ಕೊಳವೆಯನ್ನು ಹಳ್ಳದ ಮಟ್ಟಕ್ಕಿಂತ ಮೊಳದಷ್ಟು ಮೇಲೆ ಕೂರಿಸಿದರೆ ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು. ಗೇರುಸೊಪ್ಪೆಯಿಂದ ಮೇಲಿನ ಕಾಡುಗಳ ಸಿಂಗಳೀಕನ ದಾರಿ ನೆಲದ ಮೇಲಿಲ್ಲ, ಮರದಿಂದ ಮರಕ್ಕೆ ಕೂಡಿದ ಕೊಂಬೆಗಳಲ್ಲಿದೆ. ರಸ್ತೆಯ ಎರಡೂ ಬದಿಯ ಮರಗಳನ್ನು ಉರುಳಿಸಿದರೆ ಒಂದು ಹಿಂಡಿನ ಕಾಡು ಎರಡು ತುಂಡಾಗುತ್ತದೆ. ಕಡಿದ ಮರಗಳ ಸಂಖ್ಯೆ ವರದಿಯಲ್ಲಿ ದಾಖಲಾಗಬಹುದು. ಕಡಿದ ದಾರಿ ಯಾವ ಕಾಲಂನಲ್ಲೂ ಇರುವುದಿಲ್ಲ.

‘ಹಾಗಾದರೆ ನಮಗೆ ರಸ್ತೆ ಬೇಡವೇ? ರೋಗಿಯನ್ನು ಕಂಬಳಿಯಲ್ಲಿ ಹೊತ್ತುಕೊಂಡೇ ಹೋಗಬೇಕೇ?’ ಎಂದು ಘಟ್ಟದ ಬುಡದ ಹಳ್ಳಿಗರು ಕೇಳುತ್ತಾರೆ. ಕೇಳಲೇಬೇಕು. ನನ್ನ ಉತ್ತರ ಸ್ಪಷ್ಟ: ಹಳ್ಳಿಯ ರಸ್ತೆ ಬೇಕು, ಅದಕ್ಕಿಂತ ಮೊದಲು ಸಂಕ ಬೇಕು. 2022ರ ಮಳೆಗಾಲದಲ್ಲಿ ನೆರೆಯ ಬೈಂದೂರಿನಲ್ಲಿ ಕಾಲುಸಂಕ ದಾಟುತ್ತಿದ್ದ ಶಾಲಾಬಾಲಕಿಯೊಬ್ಬಳು ನೀರುಪಾಲಾದಳು. ಕೋಟಿಗಳ ಹೆದ್ದಾರಿಗೆ ಹಣ ಒದಗಿಸುವ ನಾಡಿಗೆ ಒಂದು ಕಾಲುಸಂಕ ಭಾರವಾಯಿತೇ? ಕಾಡಿನ ನಡುವಿನ ಹಳ್ಳಿಗೆ ರಸ್ತೆಯಾಗಲು ಕಾನೂನು ಅಡ್ಡವಾಗಿಲ್ಲ. 2006ರ ಅರಣ್ಯಹಕ್ಕು ಕಾಯ್ದೆಯ 3(2)ನೇ ಕಲಮಿನಂತೆ, ಗ್ರಾಮಸಭೆಯ ಶಿಫಾರಸಿದ್ದರೆ, ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದೆ, ಇಂಥ ಸೌಕರ್ಯಕ್ಕೆ ಬಳಸಬಹುದು. ಹಳ್ಳಿಗರ ಕಷ್ಟವನ್ನು ಮುಂದಿಟ್ಟು ಹೆದ್ದಾರಿಯ ಅಗಲವನ್ನು ಸಮರ್ಥಿಸುವವರು ಈ ಕಲಮನ್ನು ಎಷ್ಟು ಸಲ ನೆನೆದಿದ್ದಾರೆ?

ಕಾನೂನಿನಲ್ಲಿ ಪದಕ್ಕೆ ಬಲವಿದೆಯೆಂಬುದನ್ನು ಮರೆಯಬಾರದು. ಕಂದಾಯ ಇಲಾಖೆಯ ಕಡತದಲ್ಲಿ ‘ನಕಾಶೆ ಕಂಡ ದಾರಿ’ ಎಂಬ ಮಾತಿದೆ. ಗ್ರಾಮನಕ್ಷೆಯಲ್ಲಿ ಗೆರೆಯಿದ್ದರೆ ಆ ದಾರಿಯನ್ನು ಮುಚ್ಚಿದವರನ್ನು ಪ್ರಶ್ನಿಸಬಹುದು. ನೀಲಗಿರಿಯ ಆನೆಗಳ ದಾರಿಗೆ ‘ಕಾರಿಡಾರ್’ ಎಂಬ ಹೆಸರು ಗಟ್ಟಿಯಾಗಿದ್ದುದರಿಂದಲೇ 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಲು ಸಾಧ್ಯವಾಯಿತು. ಹೆಸರಿಲ್ಲದ ದಾರಿಯ ಪರವಾಗಿ ಯಾವ ವಕೀಲನೂ ವಾದಿಸಲಾರ.

ಆದುದರಿಂದ ಹಳ್ಳಿಯ ಬಂಧುಗಳಲ್ಲಿ, ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಮನವಿ ಇದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆಯನ್ನು ಇಡಬೇಕು. ಆ ದಾಖಲೆಯಲ್ಲಿ ಗಿಡಮೂಲಿಕೆಗಳ ಪಟ್ಟಿಯೊಡನೆ ದಾರಿಗಳ ಪಟ್ಟಿಯನ್ನೂ ಸೇರಿಸೋಣ. ನಿಮ್ಮ ಊರಿನ ಒರತೆಗಳು, ಹತ್ತುಮೀನು ಏರುವ ಹಳ್ಳಗಳು, ಪ್ರಾಣಿಗಳ ಜಾಡುಗಳು, ಸಂಕಗಳು, ಓಣಿಗಳು ಇವನ್ನೆಲ್ಲ ಅಜ್ಜ ಅಜ್ಜಿಯರನ್ನು ಕೇಳಿ, ಅವರು ಹೇಳುವ ಹೆಸರಿನಿಂದಲೇ ಬರೆಯಿರಿ, ನಕ್ಷೆಯಲ್ಲಿ ಗುರುತಿಸಿ, ಗ್ರಾಮಸಭೆಯಲ್ಲಿ ಓದಿಸಿ ಠರಾವು ಮಾಡಿಸಿ. ಮುಂದೆ ಅಳತೆಯ ಸರಪಳಿ ಹಿಡಿದು ಯಾರೇ ಬಂದರೂ ಅವರ ನಕ್ಷೆಯ ಪಕ್ಕದಲ್ಲಿ ನಮ್ಮ ನಕ್ಷೆಯನ್ನು ಹರಡಲು ಆಗಬೇಕು.

1987–88ರಲ್ಲಿ ಪಶ್ಚಿಮಘಟ್ಟ ಉಳಿಸಿ ಚಳವಳಿಯವರು ಈ ಬೆಟ್ಟಸಾಲನ್ನು ಕಾಲ್ನಡಿಗೆಯಲ್ಲೇ ಕ್ರಮಿಸಿದರು. ನಡೆದವರಿಗೆ ಮಾತ್ರ ಕಾಣುವ ದಾರಿಗಳು ಇಂದಿಗೂ ನಮ್ಮಲ್ಲಿ ಉಳಿದಿವೆ. ಈ ಮಳೆಗಾಲಕ್ಕೆ ಮುನ್ನ ಒಮ್ಮೆ ಅವುಗಳಲ್ಲಿ ನಡೆಯೋಣ, ಬರೆದಿಡೋಣ.