ಬಯಲುಸೀಮೆಯಿಂದ ಕಂಡ ಹಡಗುಕಟ್ಟೆ

ಕಳ್ಳಂಬೆಳ್ಳದ ಕೆರೆ ಏರಿಗೂ ಮಂಗಳೂರಿನ ಅಳಿವೆಗೂ ನಡುವೆ ಇಡೀ ಘಟ್ಟವಿದೆ. ಆದರೂ ಹೈದರಾಲಿ ಮತ್ತು ಟಿಪ್ಪು ಕರಾವಳಿಯಲ್ಲಿ ನಡೆಸಿದ ಹಡಗುಕಟ್ಟೆಗಳ ಚರಿತ್ರೆಯನ್ನು ಸಿರಾ, ಮಧುಗಿರಿಗಳ ಕಡೆಯಿಂದಲೇ ಓದಬೇಕು ಎಂಬುದು ನನ್ನ ವಾದ. 1761ರಲ್ಲಿ ಹೈದರನಿಗೆ ನಿಜಾಮನ ಸೋದರ ಬಸಾಲತ್ ಜಂಗನಿಂದ ಸಿಕ್ಕಿದ್ದು ಸಿರಾದ ನವಾಬಗಿರಿ. ಎರಡೇ ವರ್ಷಕ್ಕೆ ಕೆಳದಿಯ ರಾಜಧಾನಿ ಬಿದನೂರು ಅವನ ಕೈಸೇರಿತು. ಅದರೊಡನೆ ಮಂಗಳೂರು, ಹೊನ್ನಾವರದ ರೇವುಗಳೂ ಘಟ್ಟದ ಸಾಗವಾನಿಯೂ ಬಂದವು. ಆ ರೇವುಗಳ ಒಡತಿ, ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಮಧುಗಿರಿಯ ಬೆಟ್ಟದ ಮೇಲೆ. ಕಡಲಿನ ಸಂಪತ್ತು ಯಾರದೆಂದು ತೀರ್ಮಾನವಾಗುತ್ತಿದ್ದುದು ನೆಲದ ಮೇಲಿನ ಕೋಟೆಗಳಲ್ಲಿ ಎನ್ನಲು ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ.

ಮೊದಲ ಆಕ್ಷೇಪ ಗೊತ್ತೇ ಇದೆ: ಅಂಥ ಹಡಗುಕಟ್ಟೆ ಇದ್ದದ್ದೇ ಹೌದಾದರೆ ಕಟ್ಟಡ ಎಲ್ಲಿ? ಬಾರ್ಸಿಲೋನಾದಲ್ಲಿ ಹದಿಮೂರನೆಯ ಶತಮಾನದಲ್ಲಿ ತೊಡಗಿದ ಅರಸು ಹಡಗುಕಟ್ಟೆಯ ಕಲ್ಲಿನ ಕಮಾನುಗಳು ಇಂದಿಗೂ ನಿಂತಿವೆ. 1571ರ ಲೆಪಾಂಟೊ ಯುದ್ಧದ ನಾಯಕ ನೌಕೆ ಅಲ್ಲಿಯೇ ಹುಟ್ಟಿತ್ತು. ಆದರೆ ಕಲ್ಲಿನ ಸೂರು ಆ ಊರಿನ ಪದ್ಧತಿ. ನಮ್ಮ ಪಡುಗಡಲ ದಂಡೆಯಲ್ಲಿ ಹಡಗು ಏಳುತ್ತಿದ್ದುದು ಬಯಲಲ್ಲಿ, ಹೊಳೆ ಸಮುದ್ರ ಸೇರುವ ಮರಳ ಮೇಲೆ. ಕೆಲಸ ಮುಗಿದ ಮೇಲೆ ಅಲ್ಲಿ ಉಳಿಯುವುದು ಮರದ ಹೊಟ್ಟು ಮಾತ್ರ. ಹಡಗುಗಳಿದ್ದವು ಎನ್ನಲು ಅವನ್ನು ನಾಶಮಾಡಿದವರೇ ಸಾಕ್ಷಿ: 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನಲ್ಲಿ ಹೈದರನ ನೌಕಾಬಲವನ್ನು ಸುಟ್ಟ. ಇಲ್ಲದ ಹಡಗನ್ನು ಯಾರೂ ಸುಡುವುದಿಲ್ಲ.

ಹಾಗಾದರೆ ಅವು ನಿಲ್ಲಲಿಲ್ಲವೇಕೆ? ಇಂಗ್ಲಿಷರ ಸಮುದ್ರಬಲವೇ ಕಾರಣ ಎಂಬ ಉತ್ತರದಲ್ಲಿ ಸತ್ಯವಿದೆ, ಪೂರ್ತಿಯಿಲ್ಲ. 1768ರ ಫೆಬ್ರವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಪಡೆ ಮಂಗಳೂರಿಗೆ ಬಂದಾಗ ದೊಡ್ಡ ಕಾಳಗ ನಡೆಯಲೇ ಇಲ್ಲ. ಹೈದರನ ಹಡಗಿನ ನಾಯಕರೇ ಕಂಪನಿಯ ಕಡೆ ಸೇರಿದರು. ಇತಿಹಾಸಕಾರ ವಿಲ್ಕ್ಸ್ ಕೊಡುವ ಕಾರಣವನ್ನು ಗಮನಿಸಬೇಕು: ಅವರ ತಲೆಯ ಮೇಲೆ ಲುತ್ಫ್ ಅಲಿ ಬೇಗ್ ಎಂಬ ಕುದುರೆ ದಳದ ಅಧಿಕಾರಿಯನ್ನು ಕೂರಿಸಲಾಗಿತ್ತು. ಇದು ಬರಿಯ ನೇಮಕದ ತಪ್ಪಲ್ಲ, ಒಂದು ರಾಜ್ಯದ ಮನಸ್ಸು. ಆ ಮನಸ್ಸನ್ನು ರೂಪಿಸಿದ್ದು ನಮ್ಮ ಸೀಮೆಯ ಯುದ್ಧಗಳು. 1766ರಲ್ಲಿ ಸಿರಾ ಮರಾಠರ ಪಾಲಾಯಿತು; ಮರುವರ್ಷ ಪೇಶ್ವೆ ಮಾಧವರಾಯ ಮಧುಗಿರಿಯನ್ನು ಹಿಡಿದು ವೀರಮ್ಮಾಜಿಯನ್ನು ಬಿಡಿಸಿದ. ಸಿರಾ ಮರಳಿ ದಕ್ಕಿದ್ದು 1774ರಲ್ಲಿ. ಉತ್ತರದ ಬಾಗಿಲೇ ಮುರಿದುಬಿದ್ದಿರುವಾಗ ಹಣವೂ ಗಮನವೂ ಕುದುರೆಗೆ ಹೋಗದೆ ಹಾಯಿಗೆ ಹೋದೀತೇ? ಹ್ಯೂಸ್ ಬಂದಾಗಲೂ ಅಷ್ಟೆ, ಹೈದರ್ ದಂಡಿನ ಸಮೇತ ಆರ್ಕಾಟಿನ ಕಡೆಯಿದ್ದ. ಎರಡು ಸಲವೂ ಹಡಗುಗಳು ಕಳೆದುಹೋದದ್ದು ನಡುಗಡಲಲ್ಲಲ್ಲ, ಬಂದರಿನಲ್ಲೇ.

ಸರಕಿನ ಕೊರತೆಯಿತ್ತು ಎನ್ನುವಂತಿಲ್ಲ. ಮರ ಘಟ್ಟದಲ್ಲಿತ್ತು, ಹಗ್ಗಕ್ಕೆ ತೆಂಗಿನ ನಾರು ಕರಾವಳಿಯಲ್ಲಿತ್ತು. ಕಬ್ಬಿಣವನ್ನಂತೂ ಒಳನಾಡೇ ಕರಗಿಸುತ್ತಿತ್ತು. 1800ರಲ್ಲಿ ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲಿ ಓಡಾಡಿದಾಗ ಚನ್ನರಾಯನದುರ್ಗದ ಸುತ್ತಲಿನ ಕುಲುಮೆಗಳ ವಿಷಯ ಬರೆದಿದ್ದಾನೆ. ಆ ಕಬ್ಬಿಣವೇ ಹಡಗಿನ ಮೊಳೆಯಾಯಿತೆಂಬುದು ನನ್ನ ವಾದವಲ್ಲ. ಕೊರತೆಯಿದ್ದದ್ದು ಕಾಲಕ್ಕೆ. ಬಡಗಿಯ ಕೈಪಳಗಲು, ನಾವಿಕನಿಗೆ ಅರಸನ ಮೇಲೆ ನಂಬಿಕೆ ಹುಟ್ಟಲು ತಲೆಮಾರುಗಳು ಬೇಕು. ಬಾರ್ಸಿಲೋನಾಕ್ಕೆ ಶತಮಾನಗಳು ಸಿಕ್ಕವು. ಮೈಸೂರಿಗೆ ಸಿಕ್ಕಿದ್ದು 1763ರಿಂದ 1799ರವರೆಗಿನ 36 ವರ್ಷ, ಅದೂ ನಾಲ್ಕು ಇಂಗ್ಲಿಷ್ ಯುದ್ಧಗಳ ನಡುವೆ.

ಟಿಪ್ಪುವಿಗೆ ಈ ಪಾಠ ತಿಳಿದಿತ್ತು ಎಂದೇ ನನಗೆ ತೋರುತ್ತದೆ. 1792ರಲ್ಲಿ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ತೆತ್ತ ಮೇಲೆ, 1796ರಲ್ಲಿ ಅವನು ಸುಮಾರು 40 ಯುದ್ಧನೌಕೆಗಳನ್ನು ಕಟ್ಟಲು ಅಪ್ಪಣೆ ಹೊರಡಿಸಿದ. ಹನ್ನೊಂದು ಮಂದಿ ‘ಮೀರ್ ಯಮ್’ಗಳನ್ನು ಸಮುದ್ರದ ಆಡಳಿತಕ್ಕೇ ನೇಮಿಸಿದ. ಕುದುರೆ ಸವಾರನ ಕೈಯಿಂದ ಹಡಗನ್ನು ಬಿಡಿಸುವ ವ್ಯವಸ್ಥೆಯದು. ಕಾಗದದ ನೌಕಾಪಡೆ ಎಂದು ಅದನ್ನು ತಳ್ಳಿಹಾಕುವವರು ಅದಕ್ಕೆ ಸಿಕ್ಕ ಮೂರು ವರ್ಷಗಳನ್ನು ಎಣಿಸಬೇಕು. 1799ರಲ್ಲಿ ಕರಾವಳಿಯ ಕೆನರಾ ಸೀಮೆ ಕಂಪನಿಗೆ ಹೋಯಿತು. ಸಿರಾ, ಮಧುಗಿರಿಗಳು ಕಡಲಿಲ್ಲದ ಮೈಸೂರಿನಲ್ಲಿ ಉಳಿದವು. ಆಗ ಎಳೆದ ಗೆರೆ 1956ರವರೆಗೆ ಭೂಪಟದಲ್ಲಿತ್ತು. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಅದು ಇನ್ನೂ ಅಳಿಸಿಲ್ಲ.