ನಿರ್ದೇಶಕರ ಕುರ್ಚಿಗೂ ಲೆಕ್ಕವಿದೆ

ಕಲಬುರಗಿಯಲ್ಲಿ ಸಂಜೆ ಹೊತ್ತು ಕರೆಂಟ್ ಹೋದರೆ ಓಣಿಯಲ್ಲಿ ಈಗಲೂ ಕೇಳಿಬರುವ ಮಾತು ಒಂದೇ: "ಕೆಇಬಿಯೋರಿಗಿ ಫೋನ್ ಹಚ್ರಿ." ನಮ್ಮ ಕರಾವಳಿಯಲ್ಲೂ ಹಿರಿಯರು ಹೇಳುವುದು ಹೀಗೆಯೇ. ಆದರೆ 1957ರಲ್ಲಿ ಹುಟ್ಟಿದ ಆ ಕೆಇಬಿ 1999ಕ್ಕೇ ಮುಗಿದುಹೋಗಿದೆ. ಅದರ ಜಾಗಕ್ಕೆ ಕೆಪಿಟಿಸಿಎಲ್ ಬಂತು. 2002ರ ಜೂನ್ 1ರಿಂದ ಮನೆಮನೆಗೆ ಕರೆಂಟ್ ಹಂಚುವ ಕೆಲಸ ಬೇರೆ ಬೇರೆ ಕಂಪನಿಗಳ ಪಾಲಾಯಿತು. ಮಂಗಳೂರು ಕಡೆಗೆ ಮೆಸ್ಕಾಂ, ಕಲಬುರಗಿ ಕಡೆಗೆ ಜೆಸ್ಕಾಂ. ಬೀದರ್‌ನಿಂದ ಬಳ್ಳಾರಿ, ವಿಜಯನಗರದವರೆಗೆ ಏಳು ಜಿಲ್ಲೆಗಳ ದೀಪ, ಪಂಪ್‌ಸೆಟ್, ಗಿರಣಿ ಎಲ್ಲವೂ ಕಲಬುರಗಿಯಲ್ಲಿ ಕೂತ ಆ ಒಂದು ಕಂಪನಿಯ ಕೈಯಲ್ಲಿವೆ.

ಹೆಸರು ಬದಲಾದದ್ದು ಜನರಿಗೆ ಗೊತ್ತಾಗಲಿಲ್ಲ ಎಂದರೆ ಅದರಲ್ಲಿ ಜನರ ತಪ್ಪಿಲ್ಲ. ಕಂಬ ಹತ್ತುವ ಲೈನ್‌ಮ್ಯಾನ್ ನಮಗೆ ಗೊತ್ತು. ಮೀಟರ್ ರೀಡರ್ ಗೊತ್ತು. ಸೆಕ್ಷನ್ ಆಫೀಸರ ನಂಬರ್ ಕೂಡ ಕೆಲವರ ಮೊಬೈಲಿನಲ್ಲಿರುತ್ತದೆ. ಆದರೆ ಈ ಕಂಪನಿಯನ್ನು ನಡೆಸುವ ಆಡಳಿತ ಮಂಡಳಿ ಎಂಬುದೊಂದಿದೆ, ಅದರಲ್ಲಿ ನಿರ್ದೇಶಕರು ಇರುತ್ತಾರೆ, ಅವರು ಕೂತು ತೀರ್ಮಾನ ಮಾಡುತ್ತಾರೆ ಎಂಬುದು ಎಷ್ಟು ಮಂದಿಗೆ ಗೊತ್ತು? ಪೇಪರಿನಲ್ಲಿ ನಿಗಮ-ಮಂಡಳಿಗಳ ಪಟ್ಟಿ ಬಂದ ದಿನ ಮಾತ್ರ ನಮಗೆ ಅವರ ನೆನಪಾಗುತ್ತದೆ. ಯಾವ ಸರಕಾರ ಬಂದರೂ ಪಟ್ಟಿ ಬರುತ್ತದೆ. ಯಾರಿಗೆ ಯಾವ ನಿಗಮ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಯಾರು ಮುನಿಸಿಕೊಂಡರು ಎಂದು ಒಂದು ವಾರ ಚರ್ಚೆ. ಆಮೇಲೆ ಹಾರ, ಶಾಲು, ಫ್ಲೆಕ್ಸ್. ಆ ಕುರ್ಚಿಯಲ್ಲಿ ಕೂತವರು ಮಾಡಬೇಕಾದ್ದು ಏನು ಎಂದು ಕೇಳುವವರು ಮಾತ್ರ ಇಲ್ಲ.

ಇದನ್ನು ಬೇರೆಯವರ ಮೇಲೆ ಬೆರಳು ತೋರಿಸಲು ಬರೆಯುತ್ತಿಲ್ಲ. ನಾವೂ ಹಿಂದೊಮ್ಮೆ ಒಂದು ಜಮಾಅತ್ ಕಮಿಟಿಯಲ್ಲಿ ಸದಸ್ಯರಾಗಿದ್ದೆವು. ವರ್ಷದ ಲೆಕ್ಕದ ಪುಸ್ತಕ ಮುಂದೆ ಬಂತು. ಓದದೆ ಸಹಿ ಹಾಕಿದೆವು. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಉಸ್ತಾದ್, ಪುಟ ತಿರುಗಿಸದೆ ಸಹಿ ಹಾಕಿದಿರಲ್ಲ, ಇದರಲ್ಲಿ ಏನುಂಟು ಅಂತ ಗೊತ್ತುಂಟಾ?" ಎಂದರು. ಉತ್ತರ ಇರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು, ಅದು ಬೇರೆ ಮಾತು. ಸರಿ ಇದ್ದದ್ದು ನಮ್ಮಿಂದಾಗಿ ಅಲ್ಲ. ಮಕ್ಕಳಿಗೆ ಅಮಾನತ್ತಿನ ಪಾಠ ಹೇಳುವ ನಾವೇ ಅಮಾನತ್ತನ್ನು ಕಣ್ಣು ಮುಚ್ಚಿ ಹೊತ್ತಿದ್ದೆವು. ಒಂದು ಮಸೀದಿಯ ಲೆಕ್ಕಕ್ಕೇ ಇಷ್ಟು ನಾಚಿಕೆಯಾದರೆ, ಏಳು ಜಿಲ್ಲೆಯ ಕರೆಂಟಿನ ಲೆಕ್ಕಕ್ಕೆ ಓದದೆ ಸಹಿ ಹಾಕುವುದು ಎಂಥ ಭಾರ!

ಕಾನೂನು ಈ ವಿಷಯದಲ್ಲಿ ಏನೂ ಮುಚ್ಚಿಟ್ಟಿಲ್ಲ. ಜೆಸ್ಕಾಂ, ಮೆಸ್ಕಾಂ ಇವೆಲ್ಲ ಸರಕಾರದ ಒಡೆತನದ ಕಂಪನಿಗಳು. ಹಾಗಾಗಿ 2013ರ ಕಂಪನಿ ಕಾಯ್ದೆ ಇವುಗಳ ನಿರ್ದೇಶಕರಿಗೂ ಅನ್ವಯಿಸುತ್ತದೆ. ಅದರ 166ನೇ ಕಲಂ ನಿರ್ದೇಶಕರ ಕರ್ತವ್ಯಗಳನ್ನು ಒಂದೊಂದಾಗಿ ಹೇಳುತ್ತದೆ. ಶುದ್ಧ ಮನಸ್ಸಿನಿಂದ ಕಂಪನಿಯ ಉದ್ದೇಶಕ್ಕಾಗಿ ದುಡಿಯಬೇಕು. ಷೇರುದಾರರ ಹಿತವೊಂದೇ ಸಾಲದು, ನೌಕರರ, ಸಮುದಾಯದ ಹಿತವನ್ನೂ ಪರಿಸರದ ರಕ್ಷಣೆಯನ್ನೂ ನೋಡಬೇಕು. ಎಚ್ಚರ, ಕೌಶಲ, ಶ್ರದ್ಧೆಯಿಂದ ಕೆಲಸ ಮಾಡಬೇಕು, ಸ್ವಂತ ಬುದ್ಧಿಯಿಂದ ತೀರ್ಮಾನಿಸಬೇಕು. ಸ್ವಂತ ಲಾಭ ಮತ್ತು ಕಂಪನಿಯ ಲಾಭ ಡಿಕ್ಕಿ ಹೊಡೆಯುವ ಜಾಗದಲ್ಲಿ ನಿಲ್ಲಬಾರದು. ತನಗೋ ತನ್ನ ಸಂಬಂಧಿಕರಿಗೋ ಪಾಲುದಾರರಿಗೋ ಅನ್ಯಾಯದ ಲಾಭ ಮಾಡಿಕೊಟ್ಟರೆ ಅಷ್ಟೂ ಹಣವನ್ನು ಕಂಪನಿಗೆ ಕಟ್ಟಬೇಕು. ಕಲಂ ಉಲ್ಲಂಘಿಸಿದರೆ 1 ಲಕ್ಷದಿಂದ 5 ಲಕ್ಷ ರೂಪಾಯಿವರೆಗೆ ದಂಡ.

ಇಷ್ಟೇ ಅಲ್ಲ. ಮಂಡಳಿ ವರ್ಷಕ್ಕೆ ಕನಿಷ್ಠ 4 ಸಭೆ ನಡೆಸಬೇಕು. ಒಂದು ಸಭೆಗೂ ಇನ್ನೊಂದಕ್ಕೂ ನಡುವೆ 120 ದಿನ ಮೀರಬಾರದು. ಹನ್ನೆರಡು ತಿಂಗಳು ಒಂದು ಸಭೆಗೂ ಬಾರದ ನಿರ್ದೇಶಕ, ರಜೆ ಚೀಟಿ ಕೊಟ್ಟಿದ್ದರೂ ಸರಿ, ಸ್ಥಾನ ಕಳೆದುಕೊಳ್ಳುತ್ತಾನೆ. ತನಗೆ ಯಾವ ಯಾವ ಕಂಪನಿಯಲ್ಲಿ, ಯಾವ ಫರ್ಮಿನಲ್ಲಿ ಪಾಲಿದೆ ಎಂದು ಪ್ರತಿ ಆರ್ಥಿಕ ವರ್ಷದ ಮೊದಲ ಸಭೆಯಲ್ಲೇ ಬರೆದುಕೊಡಬೇಕು. ತಾನು ಪಾಲುದಾರನಾಗಿರುವ ಫರ್ಮಿನ ಗುತ್ತಿಗೆ ಚರ್ಚೆಗೆ ಬಂದರೆ ಅದನ್ನು ಹೇಳಿ ಚರ್ಚೆಯಿಂದ ದೂರ ಇರಬೇಕು. ಸಭೆಯ ನಡಾವಳಿ ಪುಸ್ತಕದಲ್ಲಿ ಒಂದು ನಿರ್ಣಯಕ್ಕೆ ಯಾರು ಒಪ್ಪಲಿಲ್ಲ ಎಂಬುದನ್ನು ಹೆಸರು ಸಮೇತ ದಾಖಲಿಸಬೇಕು.

ಈ ಕೊನೆಯ ಮಾತು ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಒಪ್ಪದವರ ಹೆಸರು ಬರೆಯಬೇಕು ಎಂದರೆ ಸುಮ್ಮನೆ ಕೂತವರು ಒಪ್ಪಿದವರ ಲೆಕ್ಕಕ್ಕೇ ಸೇರಿದರು ಎಂದಾಯಿತು. "ನಾನೇನೂ ಹೇಳಿಲ್ಲಪ್ಪ, ಎಲ್ಲಾ ಅವರೇ ಮಾಡಿದ್ದು" ಎಂಬ ಮಾತು ಚಹಾ ಅಂಗಡಿಯಲ್ಲಿ ನಡೆಯಬಹುದು, ಮಂಡಳಿಯಲ್ಲಿ ನಡೆಯುವುದಿಲ್ಲ.

ಇದೆಲ್ಲ ಕಾಗದದ ಮಾತು, ಬಡವನಿಗೆ ಇದರಿಂದೇನು ಎಂದು ಕೇಳುವವರು ಒಮ್ಮೆ ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗಿ ನೋಡಬೇಕು. ಅಲ್ಲಿನ ಕೆಂಪು ಬಾಳೆ ಹೆಸರುವಾಸಿ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು. ಬೇರೆ ಬಾಳೆ ಒಂದು ವರ್ಷದಲ್ಲಿ ಕೈಗೆ ಬಂದರೆ ಇದಕ್ಕೆ ಸುಮಾರು ಒಂದೂವರೆ ವರ್ಷ ಬೇಕು. ಅಂದರೆ ರೈತ ಒಂದು ಗೊನೆಗಾಗಿ ಕೆಲವೊಮ್ಮೆ ಎರಡು ಬೇಸಿಗೆ ದಾಟಬೇಕು. ಅದೂ 40 ಡಿಗ್ರಿ ಮೀರುವ ಕಲಬುರಗಿಯ ಬೇಸಿಗೆ. ಆ ಹೊತ್ತಿನಲ್ಲಿ ಟಿಸಿ ಸುಟ್ಟಿತು ಎಂದಿಟ್ಟುಕೊಳ್ಳಿ. ಸುಟ್ಟ ಟಿಸಿಯನ್ನು ಪಟ್ಟಣದಲ್ಲಿ 24 ಗಂಟೆಯೊಳಗೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕು ಎಂದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ಮಾನದಂಡ ಹೇಳುತ್ತದೆ. ಆದರೆ ಸ್ಟೋರಿನಲ್ಲಿ ಬದಲಿ ಟಿಸಿ ಇದ್ದರೆ ತಾನೇ ಬದಲಿಸುವುದು? ಎಷ್ಟು ಟಿಸಿ ಕೊಳ್ಳಬೇಕು, ಯಾರಿಂದ, ಯಾವ ಗುಣಮಟ್ಟದ್ದು, ರಿಪೇರಿ ಗುತ್ತಿಗೆ ಯಾರಿಗೆ ಎಂಬ ದೊಡ್ಡ ಖರೀದಿಗಳ ಹೊಣೆ ಕೊನೆಗೆ ಮಂಡಳಿಯ ಮೇಲೇ ಬೀಳುತ್ತದೆ. ಅಲ್ಲಿ ಕಣ್ಣು ಮುಚ್ಚಿ ಸಹಿ ಬಿದ್ದರೆ ಇಲ್ಲಿ ತೋಟ ಒಣಗುತ್ತದೆ. ಜನ ಬೈಯುವುದು ಮಾತ್ರ ಕಂಬದ ಕೆಳಗೆ ನಿಂತ ಲೈನ್‌ಮ್ಯಾನನ್ನು.

ತೋಟ ಒಣಗಿದರೆ ಮತ್ತೆ ನೆಡಬಹುದು, ಜೀವ ಹೋದರೆ ಬರುವುದಿಲ್ಲ. ಜೋತುಬಿದ್ದ ತಂತಿ, ಮಳೆಗೆ ಹರಿದು ಬಿದ್ದ ತಂತಿ ಎಷ್ಟು ಮನೆಗಳ ದೀಪ ಆರಿಸಿವೆ ಎಂಬುದು ಪೇಪರ್ ಓದುವವರಿಗೆಲ್ಲ ಗೊತ್ತು. ಮಧ್ಯಪ್ರದೇಶ ವಿದ್ಯುತ್ ಮಂಡಳಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ತೀರ್ಪು ಇಲ್ಲಿ ನೆನಪಿಡಬೇಕಾದದ್ದು. ಮಳೆಯ ರಾತ್ರಿ ಸೈಕಲ್ಲಿನಲ್ಲಿ ಮನೆಗೆ ಹೊರಟ ಒಬ್ಬರು ರಸ್ತೆಯಲ್ಲಿ ಬಿದ್ದಿದ್ದ ತಂತಿ ತಗುಲಿ ತೀರಿಕೊಂಡರು. ಯಾರೋ ಕಳ್ಳತನದಿಂದ ಕರೆಂಟ್ ಎಳೆದ ತಂತಿ ಅದು, ನಮ್ಮ ತಪ್ಪಲ್ಲ ಎಂದಿತು ಮಂಡಳಿ. ಕೋರ್ಟ್ ಒಪ್ಪಲಿಲ್ಲ. ಇಷ್ಟು ಅಪಾಯದ ವಸ್ತುವನ್ನು ಜನರಿಗೆ ಒದಗಿಸುವವರು ಅದರಿಂದ ಹಾನಿಯಾಗದಂತೆ ನೋಡಿಕೊಳ್ಳುವ ಹೊಣೆಯನ್ನೂ ಹೊರಬೇಕು, ಬೇರೆಯವರ ಕಳ್ಳತನದ ನೆಪ ಹೇಳಿ ಪಾರಾಗಲಾಗದು ಎಂಬುದು ಅದರ ಸಾರ. ಇನ್ನು 2003ರ ವಿದ್ಯುತ್ ಕಾಯ್ದೆಯ 149ನೇ ಕಲಂ ಪ್ರಕಾರ, ಕಂಪನಿ ಆ ಕಾಯ್ದೆಯಡಿ ಅಪರಾಧ ಮಾಡಿದಾಗ ಅದು ನಿರ್ದೇಶಕರ ಒಪ್ಪಿಗೆಯಿಂದಲೋ ಕಂಡೂ ಕಾಣದಂತಿದ್ದುದರಿಂದಲೋ ಅಥವಾ ಅಲಕ್ಷ್ಯದಿಂದಲೋ ನಡೆದಿದ್ದರೆ ಅವರೂ ಅಪರಾಧಿಗಳೇ. ಅಲಕ್ಷ್ಯ ಎಂಬ ಶಬ್ದವನ್ನು ಗಮನಿಸಿ. ಹಣ ತಿನ್ನದವನೂ ಅಲಕ್ಷ್ಯಕ್ಕೆ ಸಿಕ್ಕಿಬೀಳಬಹುದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. "ನಿರ್ದೇಶಕರನ್ನು ನೇಮಿಸುವುದು ಸರಕಾರ, ದುಡ್ಡು ಸರಕಾರದ್ದು, ಎಂಡಿ ಸರಕಾರದ ಅಧಿಕಾರಿ. ಪಾಪ, ಅವರು ಏನು ಮಾಡಿಯಾರು?" ಎನ್ನುತ್ತಾರೆ. ಸರಿ, ಆದರೆ ಕಾನೂನು ಅವರಿಗೆ ಸ್ವಂತ ಬುದ್ಧಿ ಬಳಸಿ ಎಂದಿರುವುದು ಇಂಥ ಹೊತ್ತಿಗಾಗಿಯೇ. ಒಂದು ಉದಾಹರಣೆ ನೋಡೋಣ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಬಿಲ್ ಇಲ್ಲ. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಮನೆಗಳಿಗೂ ರಿಯಾಯಿತಿ ಬಂತು. ಬಡವರಿಗೆ ಇದು ದೊಡ್ಡ ಆಸರೆ, ನಮ್ಮ ಎಷ್ಟೋ ಮನೆಗಳಿಗೂ ಇದರಿಂದ ಉಪಕಾರವಾಗಿದೆ. ಆದರೆ ಉಚಿತ ಎಂದರೆ ಯಾರೂ ಕೊಡುವುದಿಲ್ಲ ಎಂದಲ್ಲ, ಸರಕಾರ ಕೊಡುತ್ತದೆ ಎಂದು. ವಿದ್ಯುತ್ ಕಾಯ್ದೆಯ 65ನೇ ಕಲಂ ಪ್ರಕಾರ ಸರಕಾರ ಯಾರಿಗಾದರೂ ಸಬ್ಸಿಡಿ ಕೊಡಲು ಬಯಸಿದರೆ ಆ ಹಣವನ್ನು ಮುಂಗಡವಾಗಿ ಕಟ್ಟಬೇಕು. ಆ ಹಣ ತಡವಾದರೆ ಕಂಪನಿ ಸಾಲ ಮಾಡುತ್ತದೆ, ಸಾಲಕ್ಕೆ ಬಡ್ಡಿ ಬೆಳೆಯುತ್ತದೆ, ಹೊಸ ತಂತಿ, ಹೊಸ ಟಿಸಿಗೆ ಕೈ ಬರಿದಾಗುತ್ತದೆ. ಆಗ ತನ್ನನ್ನು ನೇಮಿಸಿದ ಸರಕಾರಕ್ಕೇ, "ಕಾಯ್ದೆ ಪ್ರಕಾರ ಕಂಪನಿಗೆ ಬರಬೇಕಾದ ಹಣ ಕೊಡಿ" ಎಂದು ಬರೆಯುವ ಧೈರ್ಯ ನಿರ್ದೇಶಕನಿಗೆ ಬೇಕು. ನೇಮಿಸಿದವರ ಋಣ ಬೇರೆ, ಕುರ್ಚಿಯ ಋಣ ಬೇರೆ. ಎರಡನ್ನೂ ಒಂದೇ ಎಂದುಕೊಂಡವರಿಗೆ ಆ ಕುರ್ಚಿ ಹೇಳಿದ್ದಲ್ಲ.

ಮಂಡಳಿ ಮಲಗಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾ ಕಣ್ಣೆದುರಿಗಿದೆ. ಅಲ್ಲಿನ ಸರಕಾರಿ ವಿದ್ಯುತ್ ಕಂಪನಿಯ ಹೆಸರೂ ಎಸ್ಕಾಂ. ಸರಕಾರಿ ಸಂಸ್ಥೆಗಳನ್ನು ಖಾಸಗಿ ಕುಳಗಳು ವಶ ಮಾಡಿಕೊಂಡ ಬಗ್ಗೆ ನ್ಯಾಯಮೂರ್ತಿ ರೇಮಂಡ್ ಝೋಂಡೊ ಆಯೋಗ ವರ್ಷಗಟ್ಟಲೆ ವಿಚಾರಣೆ ನಡೆಸಿ 2022ರಲ್ಲಿ ವರದಿ ಮುಗಿಸಿತು. ಎಸ್ಕಾಂನ ಹಿಂದಿನ ಮಂಡಳಿಯ ಸದಸ್ಯರ ಮೇಲೂ ಅದರಲ್ಲಿ ಗಂಭೀರ ಮಾತುಗಳಿವೆ. ಅಲ್ಲಿನ ಜನ ಮಾತ್ರ ದಿನಕ್ಕೆ ಹಲವು ಗಂಟೆ ಲೋಡ್ ಶೆಡ್ಡಿಂಗ್‌ನಲ್ಲಿ ಕತ್ತಲೆಯಲ್ಲಿ ಕೂರಬೇಕಾಯಿತು.

ಕಾನೂನಿನ ಮಾತು ಇಷ್ಟಾಯಿತು. ಕಾನೂನಿಗೆ ಸಿಗದ ಸಣ್ಣ ಸಣ್ಣ ಸಂಗತಿಗಳೂ ಇವೆ. ಗುತ್ತಿಗೆದಾರನ ಮನೆ ಮದುವೆಯಲ್ಲಿ ಮೊದಲ ಸಾಲಿನ ಕುರ್ಚಿ. ಹಬ್ಬಕ್ಕೆ ಬರುವ ಪೆಟ್ಟಿಗೆ. "ನಮ್ಮ ಹುಡುಗ, ಒಂದು ಕೆಲಸ ನೋಡಿ" ಎಂಬ ಫೋನು. ಇವು ಯಾವ ಕಲಮಿಗೂ ನೇರವಾಗಿ ಸಿಗದೆ ಇರಬಹುದು. ಆದರೆ ಈ ಕುರ್ಚಿ ನನಗೆ ಇಲ್ಲದಿದ್ದರೆ ಈ ಪೆಟ್ಟಿಗೆ ನನ್ನ ಮನೆಗೆ ಬರುತ್ತಿತ್ತೇ ಎಂದು ಒಮ್ಮೆ ತನ್ನನ್ನೇ ಕೇಳಿಕೊಂಡರೆ ಸಾಕು, ಉತ್ತರ ಸಿಗುತ್ತದೆ. ಅದಕ್ಕೆ ವಕೀಲರು ಬೇಡ.

ಹಾಗಾದರೆ ನಾವು ನೀವು ಕೈಕಟ್ಟಿ ಕೂರುವುದೇ? ಖಂಡಿತ ಇಲ್ಲ. ದರ ಏರಿಸುವ ಮೊದಲು ಕಂಪನಿ ತನ್ನ ಅರ್ಜಿಯನ್ನು ಪ್ರಕಟಿಸಬೇಕು, ಜನರ ಆಕ್ಷೇಪ ಕೇಳಬೇಕು. ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಹೋಗಿ ಎದ್ದು ನಿಂತು ಮಾತಾಡಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ತನ್ನಲ್ಲಿ ಯಾವ ಯಾವ ಮಂಡಳಿಗಳಿವೆ, ಅವುಗಳ ನಡಾವಳಿ ಜನರಿಗೆ ನೋಡಲು ಸಿಗುತ್ತದೋ ಇಲ್ಲವೋ ಎಂಬುದನ್ನು ಸಂಸ್ಥೆ ತಾನಾಗಿಯೇ ಪ್ರಕಟಿಸಬೇಕು. ಮಿಕ್ಕದ್ದನ್ನು ಅರ್ಜಿ ಹಾಕಿ ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು. 2024ರಲ್ಲಿ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮದಂತೆ ಅರ್ಜಿ ಸರಿಯಾಗಿದ್ದರೆ ನಗರಸಭೆ, ಪಾಲಿಕೆ ವ್ಯಾಪ್ತಿಯಲ್ಲಿ 7 ದಿನದೊಳಗೆ, ಹಳ್ಳಿಗಳಲ್ಲಿ 15 ದಿನದೊಳಗೆ ಹೊಸ ಸಂಪರ್ಕ ಸಿಗಬೇಕು. ಹೊಸ ಲೈನ್ ಎಳೆಯಬೇಕಾದ ಕಡೆ ಬೇರೆ ಲೆಕ್ಕ. ಬಿಲ್ ಬಾಕಿ ಎಂದು ಫ್ಯೂಸ್ ಕೀಳುವ ಮೊದಲು 15 ದಿನದ ಲಿಖಿತ ನೋಟಿಸ್ ಕೊಡಬೇಕು. ದೂರು ಕೇಳಲು ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅಲ್ಲಿಯೂ ನ್ಯಾಯ ಸಿಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ.

ಇನ್ನೊಂದು ಮಾತು, ಸ್ವಲ್ಪ ಖಾರವಾದರೂ ಹೇಳಲೇಬೇಕು. ಬೇಗ ಮೀಟರ್ ಆಗಲಿ ಎಂದು ಜೇಬಿನಿಂದ ತೆಗೆದುಕೊಡುವವರು ನಾವೇ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತದಿಂದ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಮಾತ್ರ ವಿನಾಯಿತಿ. ಕೆಳಗೆ ನಾವು ಕೊಡುತ್ತಾ ಹೋದರೆ ಮೇಲೆ ಕೂತವರ ನೀತಿ ಕೇಳಲು ನಮಗೆ ಯಾವ ಬಾಯಿ ಇದೆ?

ಮುಂದಿನ ಸಲ ನಿಗಮ-ಮಂಡಳಿ ಪಟ್ಟಿ ಬಂದಾಗ ನಮ್ಮವರಲ್ಲೂ ಯಾರಿಗಾದರೂ ಸ್ಥಾನ ಸಿಗಬಹುದು. ಸಂತೋಷ, ಹೋಗಿ ಕೈ ಕುಲುಕೋಣ. ಆದರೆ ಹಾರದ ಬದಲು ಆ 166ನೇ ಕಲಮಿನ ಒಂದು ಪುಟದ ಕನ್ನಡ ಪ್ರತಿ ಕೈಯಲ್ಲಿಟ್ಟು, "ಇದನ್ನು ಓದಿ ಕೂತುಕೊಳ್ಳಿ" ಎನ್ನೋಣ. ವರ್ಷ ತುಂಬಿದ ಮೇಲೆ ಮತ್ತೆ ಹೋಗಿ ಎಷ್ಟು ಸಭೆಗೆ ಹೋದಿರಿ, ಯಾವುದಕ್ಕೆ ಬೇಡ ಎಂದಿರಿ ಎಂದು ಕೇಳೋಣ. ಅಂದು ಆ ಹಿರಿಯರು ನಮ್ಮನ್ನು ಕೇಳಿದ್ದು ಅದನ್ನೇ. ಅವರು ಕೇಳಿದ್ದರಿಂದಲೇ ಆಮೇಲೆ ನಾವು ಪುಟ ತಿರುಗಿಸದೆ ಎಲ್ಲಿಯೂ ಸಹಿ ಹಾಕಿಲ್ಲ.